ವಾರಿಜೆ ಹೊಸಿಲು ದಾಟಿದ ವಾರ

ಕುಣಿಗಲ್
22-1-1979

ಚಿ. ಕೌಸಲ್ಯಳಿಗೆ ಅಂಬುಜಮ್ಮನ ಆಶೀರ್ವಾದ.

ಕ್ಷೇಮಸಮಾಚಾರಕ್ಕೆ ಕಾಗದ ಖರ್ಚು ಮಾಡುವುದಿಲ್ಲ. ನಿನ್ನೆ ತಾನೆ ನಿಮ್ಮ ಮನೆಗೆ ಹೆಣ್ಣು ನೋಡಲು ಬಂದು ಎಲ್ಲರನ್ನೂ ಕಂಡಿದ್ದೇವೆ, ಎಲ್ಲರೂ ಚೆನ್ನಾಗಿದ್ದೀರಿ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಮ್ಮವರು ನಿನಗೆ ಹಾಡಲು ಬರುತ್ತದೆಯೇ ಎಂದು ಕೇಳಿದರು. ಗುಬ್ಬಿಯಿಂದ ಬಂದಿದ್ದ ನಮ್ಮ ನಾದಿನಿ ಹೋಳಿಗೆಯ ಕಣಕ ಎಷ್ಟು ಹೊತ್ತು ನೆನೆಯಬೇಕೆಂದು ಕೇಳಿದಳು. ನನ್ನ ಮಗ ಸುಬ್ಬಕೃಷ್ಣ ಏನೂ ಕೇಳಲಿಲ್ಲ, ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತ ಕೂತ. ನನ್ನ ಸರದಿ ಬರುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು. ನಿಮ್ಮ ಹಜಾರದ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ ಪುಸ್ತಕಗಳನ್ನು ಕಂಡಾಗಿನಿಂದ ನನ್ನ ಪ್ರಶ್ನೆಗಳು ಬಾಯಲ್ಲೇ ಉಳಿದಿವೆ.

ಓದಲು ಕೂತಾಗ ಕೊನೆಯ ಪುಟವನ್ನು ಮೊದಲೇ ನೋಡುವ ಅಭ್ಯಾಸ ನಿನಗಿದೆಯೇ? ನಿಲ್ಲಿಸಿದ ಜಾಗಕ್ಕೆ ಗುರುತಾಗಿ ಏನಿಡುತ್ತೀಯ? ಕಥೆಗಳ ಯಾವ ಗಂಡಸು ನಿಮ್ಮ ಬಾಗಿಲಿಗೆ ಬಂದರೆ ಕಾಫಿ ಕೊಡದೆ ಕಳಿಸುತ್ತೀಯ? ಮನೆ ಸೋರಿ ಗೂಡಿನ ಪುಸ್ತಕಗಳೆಲ್ಲ ನೆನೆದರೆ ಯಾವುದನ್ನು ಮೊದಲು ಬಿಸಿಲಿಗೆ ಹಾಕುತ್ತೀಯ? ಎಲ್ಲರೂ ಹೊಗಳುವ, ನಿನಗೆ ಮಾತ್ರ ಹಿಡಿಸದ ಸಂಗತಿ ಯಾವುದು? ಈ ಕೊನೆಯದಕ್ಕೆ ಧೈರ್ಯವಾಗಿ ಬರೆ. ಊರೆಲ್ಲ ಒಪ್ಪುವ ಮಾತನ್ನು ಅಂಚೆಯಲ್ಲಿ ತರಿಸಿಕೊಳ್ಳಬೇಕಾಗಿಲ್ಲ.

ನಾನೇ ಮೊದಲು ಹೇಳಿಬಿಡುತ್ತೇನೆ. ನಾನು ಕೊನೆಯ ಪುಟವನ್ನೇ ಮೊದಲು ಓದುವವಳು. ನಾಯಕಿ ಸಾಯುವುದಾದರೆ ಅಡುಗೆ ಮುಗಿಸಿ ಕೂರುತ್ತೇನೆ. ಬದುಕುವುದಾದರೆ ಒಲೆಯ ಮುಂದೆಯೇ ಓದಬಹುದು. ಸೂರ್ಯಾಸ್ತದ ವರ್ಣನೆ ಬಂದರೆ ಪುಟ ಮಗುಚುತ್ತೇನೆ. ನಮ್ಮ ದೊಡ್ಡಕೆರೆಯ ಮೇಲೆ ಸೂರ್ಯ ದಿನವೂ ಮುಳುಗುತ್ತಾನೆ, ನಾನು ಬತ್ತಿ ಹೊಸೆಯುವಷ್ಟರಲ್ಲಿ ಕೆಲಸ ಮುಗಿಸಿರುತ್ತಾನೆ. ಕಥೆಯಲ್ಲಿ ಅವನಿಗೆ ಎರಡು ಪುಟ ಯಾಕೆ ಬೇಕೋ ಕಾಣೆ. ಸುಬ್ಬಕೃಷ್ಣನನ್ನೂ ಕೇಳಿದೆ, ಮನೆ ಸೋರಿದರೆ ಏನನ್ನು ಬಿಸಿಲಿಗೆ ಹಾಕುತ್ತೀಯೋ ಎಂದು. "ರೇಷನ್ ಕಾರ್ಡು" ಎಂದ. ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ನೀರು ಅಳೆಯುವ ಇಂಜಿನಿಯರ್ ಇನ್ನೇನು ಹೇಳಿಯಾನು! ಹುಡುಗ ಒಳ್ಳೆಯವನು, ಆದರೆ ಓದುವವನಲ್ಲ. ಮಾತು ಮುಂದುವರಿಯುವ ಮೊದಲೇ ಇದನ್ನು ತಿಳಿಸುವುದು ನ್ಯಾಯ.

ಉತ್ತರಕ್ಕೆ ಕಾಯುವ,
ಅಂಬುಜಮ್ಮ


ತುಮಕೂರು
29-1-1979

ಮಾತೃಸಮಾನರಾದ ಶ್ರೀಮತಿ ಅಂಬುಜಮ್ಮನವರಿಗೆ ಕೌಸಲ್ಯಳ ನಮಸ್ಕಾರಗಳು.

ತಮ್ಮ ಪತ್ರವನ್ನು ಮೊದಲು ಅಪ್ಪ ಓದಿದರು. ಎರಡನೆಯ ಸಲ ಓದಿ, "ಇದೇನಮ್ಮಾ, ಪರೀಕ್ಷೆನೋ ತಮಾಷೆನೋ?" ಎಂದರು. ಅಮ್ಮ ಮಾತ್ರ, "ಏನಾದ್ರೂ ಆಗ್ಲಿ, ಎಲ್ಲಾ ಪುಸ್ತಕಾನೂ ಚೆನ್ನಾಗಿದೆ ಅಂತ ಬರೆದುಬಿಡೇ, ಗಂಡಿನ ಕಡೆಯೋರು" ಎಂದರು. ಪರೀಕ್ಷೆಯೇ ಆಗಿದ್ದರೆ ನನಗೆ ಅಂಜಿಕೆಯಿಲ್ಲ. ಕಾಲೇಜಿಗೆ ಸೇರಿದಾಗಿನಿಂದ ಮೊದಲ ಸ್ಥಾನವನ್ನು ನಾನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ. ತಮಾಷೆಯೇ ಆಗಿದ್ದರೆ, ಅದರಲ್ಲಿಯೂ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಕೊನೆಯ ಪುಟವನ್ನು ಮೊದಲು ಓದುವುದನ್ನು ನಾನು ಕಳ್ಳತನವೆಂದೇ ಭಾವಿಸಿದ್ದೇನೆ, ಕ್ಷಮಿಸಬೇಕು. ಗುರುತಿಗೆ ಹಳೆಯ ಹಾಲ್‌ಟಿಕೆಟ್ಟುಗಳನ್ನು ಇಡುತ್ತೇನೆ. ನಾಯಕಿಗೆ ಕ್ಷಯ ಅಂಟಿಕೊಂಡ ಮೇಲೆಯೇ ಪ್ರೇಮ ಉಕ್ಕುವ ಗಂಡಸರು ನಮ್ಮ ಕಥೆಗಳಲ್ಲಿ ಹಲವರಿದ್ದಾರೆ. ಅವರು ನಮ್ಮ ಗೇಟಿನಿಂದ ಬಸ್ ನಿಲ್ದಾಣದವರೆಗೆ ಸರದಿ ನಿಂತರೂ ಒಬ್ಬರಿಗೂ ಕಾಫಿ ದೊರೆಯದು. ನೆನೆದ ಪುಸ್ತಕಗಳಲ್ಲಿ ನಾನು ಮೊದಲು ಬಿಸಿಲಿಗೆ ಹಾಕುವುದು ವಾರಿಜೆಯ ಕಥೆಯನ್ನು. ನಾನು ಚಿಕ್ಕವಳಿದ್ದಾಗ ವಾರಪತ್ರಿಕೆಯಲ್ಲಿ ಬಂದ ಆ ಧಾರಾವಾಹಿಯ ಹಾಳೆಗಳನ್ನು ಅಮ್ಮ ವಾರವಾರವೂ ಬಿಡಿಸಿ ಟ್ರಂಕಿನಲ್ಲಿಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ಚಿಕ್ಕಪೇಟೆಯಲ್ಲಿ ಹೊಲಿಸಿ ರಟ್ಟು ಹಾಕಿಸಿದರು. ಅದು ಪುಸ್ತಕವಾಗಿ ಅಚ್ಚಾಗಲೇ ಇಲ್ಲವಾದ್ದರಿಂದ, ನೆನೆದುಹೋದರೆ ಯಾವ ಅಂಗಡಿಯಲ್ಲಿಯೂ ಸಿಗದು.

ಇನ್ನು ಎಲ್ಲರಿಗೂ ಹಿಡಿಸಿ ನನಗೆ ಹಿಡಿಸದ ಸಂಗತಿ. ಗಂಡಸರು ಬರೆದ ಕಾದಂಬರಿಗಳಲ್ಲಿ ಹೆಂಗಸರು ಕಂಬ ಹಿಡಿದುಕೊಂಡೇ ಅಳುತ್ತಾರೆ. ನಮ್ಮ ಮನೆಯಲ್ಲಿ ಕಂಬವೇ ಇಲ್ಲ. ಅಮ್ಮ ಅತ್ತದ್ದನ್ನು ನಾನು ನೋಡಿರುವುದು ಒಂದೇ ಸಲ, ಅಕ್ಕಿ ಆರಿಸುವಾಗ. ಆಗಲೂ ಕಲ್ಲು ಬೇರೆ, ಅಕ್ಕಿ ಬೇರೆ ಆಗುತ್ತಲೇ ಇತ್ತು.

ತಾವು ಕೇಳದಿದ್ದ ಒಂದು ಪ್ರಶ್ನೆ ಉಳಿದಿದೆ. ಅಂದು ತಮ್ಮ ಯಜಮಾನರಾದ ಅನಂತರಾಮಯ್ಯನವರು ಅಪ್ಪನಿಗೆ, "ಬಿ.ಎ. ಮುಗೀತಾ ಬಂತಲ್ಲ, ಇನ್ನೆಷ್ಟು ಓದಿಸ್ತೀರಿ ವೆಂಕಟೇಶಯ್ಯನೋರೇ? ನಮಗೆ ಬೇಕಿರೋದು ಸೊಸೆ, ಲೆಕ್ಚರರ್ ಅಲ್ಲ" ಎಂದರು. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ನಾನು ನಗಲಿಲ್ಲವೆಂಬುದನ್ನು ತಾವು ಗಮನಿಸಿರಬಹುದು. ಬೆಂಗಳೂರಿಗೆ ಹೋಗಿ ಎಂ.ಎ. ಮಾಡುವುದು ನನ್ನ ನಿಶ್ಚಯ. ಅದಕ್ಕೆ ತಮ್ಮ ಮನೆಯಲ್ಲಿ ಅವಕಾಶವುಂಟೇ, ಇಲ್ಲವೇ? ನನ್ನ ಕಡೆಯಿಂದ ಇರುವುದು ಈ ಪ್ರಶ್ನೆಯೊಂದೇ.

ವಿಧೇಯಳಾದ,
ಕೌಸಲ್ಯ


ಕುಣಿಗಲ್
8-2-1979

ಚಿ. ಕೌಸಲ್ಯಳಿಗೆ ಆಶೀರ್ವಾದ.

ಕಂಬದ ಮಾತು ಓದಿ ಒಬ್ಬಳೇ ನಕ್ಕೆ. ನಮ್ಮ ಮನೆಯಲ್ಲಿ ನಾಲ್ಕು ಕಂಬಗಳಿವೆ, ಒಂದನ್ನೂ ನಾನು ಆ ಕೆಲಸಕ್ಕೆ ಬಳಸಿಲ್ಲ. ಮೂಟೆ ಒರಗಿಸಲು ಅನುಕೂಲ.

ವಾರಿಜೆಯ ಹೆಸರು ಕಂಡು ನನ್ನ ಮನಸ್ಸು ಕುಣಿಯಿತು. ನನ್ನಲ್ಲಿಯೂ ಅವಳಿದ್ದಾಳೆ! ಪತ್ರಿಕೆ ಮೊದಲು ನಮ್ಮ ಅತ್ತೆಯವರ ಕೈಗೆ ಹೋಗುತ್ತಿತ್ತು, ಅವರು ಓದಿಯಾದ ಮೇಲೆ ನನಗೆ. ವರ್ಷದ ಕೊನೆಗೆ ನಾನೇ ಗೋಣಿ ಸೂಜಿಯಲ್ಲಿ ಹೊಲಿದೆ. ಅವಳ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ, ಹೇಳಿದರೆ ಯಾರೂ ಒಪ್ಪುವುದಿಲ್ಲ. ವಾರಿಜೆ ಹಾಗೆ ಹೊಸಿಲು ದಾಟಬಾರದಿತ್ತು. ಒಂದು ವಾರ ಮಾವನಿಗೂ ಗಂಡನಿಗೂ ಎಲೆ ಹಾಕುತ್ತಾಳೆ. ಮುಂದಿನ ವಾರ ನೋಡಿದರೆ ಟ್ರಂಕು ಹಿಡಿದು ಬಸ್ಸಿನಲ್ಲಿ ಕೂತು ಅಣ್ಣನ ಮನೆಗೆ ಹೊರಟಿದ್ದಾಳೆ. ಹೊಡೆದರೇ? ಇಲ್ಲ. ಬೈದರೇ? ಇಲ್ಲ. ಸುಮ್ಮನೆ ಜಂಬ. ಜಂಬಕ್ಕೆ ಮನೆ ಬಿಡಬಹುದಾಗಿದ್ದರೆ ಈ ಬೀದಿಯಲ್ಲಿ ಒಂದು ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ.

ನಿನ್ನ ಎಂ.ಎ. ಪ್ರಶ್ನೆ ನನ್ನನ್ನು ಕೇಳುವಂಥದ್ದಲ್ಲ, ತಾಯಿ. ನನ್ನ ಮಾತು ನಡೆಯುವುದು ಅಡುಗೆಮನೆಯ ಬಾಗಿಲಿನವರೆಗೆ.

ಇಂತು,
ಅಂಬುಜಮ್ಮ


ತುಮಕೂರು
14-2-1979

ಶ್ರೀಮತಿ ಅಂಬುಜಮ್ಮನವರಿಗೆ ನಮಸ್ಕಾರಗಳು.

ವಾರಿಜೆ ಏಕೆ ಹೊರಟಳೆಂಬುದು ತಮಗೆ ತಿಳಿಯದಿರುವುದು ನನಗೆ ಆಶ್ಚರ್ಯ. ಅದಕ್ಕೆಂದೇ ಒಂದು ಇಡೀ ಕಂತು ಅಚ್ಚಾಗಿದೆ. ಸೂರ್ಯಾಸ್ತದ ಜೊತೆಗೆ ತಾವು ಅದನ್ನೂ ಮಗುಚಿರಬೇಕು. ಉಪಾಧ್ಯಾಯಿನಿಯರ ತರಬೇತಿಗೆ ಸೇರಲೇ ಎಂದು ವಾರಿಜೆ ಊಟದ ಹೊತ್ತಿನಲ್ಲಿ ಗಂಡನನ್ನು ಕೇಳುತ್ತಾಳೆ. ಮಾವ ತಲೆಯೆತ್ತುವುದಿಲ್ಲ. ಗಂಡ ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. "ಇನ್ನೊಂದು ಸೌಟು ಹುಳಿ ಹಾಕು" ಎನ್ನುತ್ತಾನೆ. ಅವಳು ಹಾಕುತ್ತಾಳೆ. ಎಲೆ ತೆಗೆದು, ನೆಲ ಒರೆಸಿ, ಆಮೇಲೆ ಟ್ರಂಕಿಗೆ ಕೈ ಹಾಕುತ್ತಾಳೆ. ಹೊಡೆತಕ್ಕಿಂತ ಅದು ದೊಡ್ಡ ಕಾರಣವೆಂದು ನನ್ನ ಮತ.

ನಾನು ಕ್ಷಮಿಸಲಾರದ್ದು ಅವಳು ಮರಳಿದ್ದನ್ನು. ಒಂದು ಕಂತಿನ ಕೊನೆಯಲ್ಲಿ ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ; ಮುಂದಿನದರಲ್ಲಿ ಯಾವ ವಿವರಣೆಯೂ ಇಲ್ಲದೆ ಗಂಡನ ಮನೆಯಲ್ಲಿ ಹಾಲು ಕಾಯಿಸುತ್ತಾಳೆ. ಇದು ಲೇಖಕಿಯ ಅಂಜುಬುರುಕುತನ. ಹೀಗೆಂದು ನಾನು ಬರೆದ ಪ್ರಬಂಧಕ್ಕೆ ಅಂತರಕಾಲೇಜು ಸ್ಪರ್ಧೆಯಲ್ಲಿ ಬೆಳ್ಳಿಯ ಲೋಟ ಬಂದಿದೆ. ಅಮ್ಮ ಅದರಲ್ಲಿಯೇ ಅಪ್ಪನಿಗೆ ಹಾಲು ಕೊಡುತ್ತಾರೆ.

ಹೊಸಿಲು ದಾಟಬಾರದಿತ್ತು ಎನ್ನುವವರು, ಬಹುಶಃ, ದಾಟಬೇಕೆಂಬ ಆಸೆಯನ್ನೇ ಅರಿಯದವರು.

ಇತಿ,
ಕೌಸಲ್ಯ


ತುಮಕೂರು
20-3-1979

ಶ್ರೀಮತಿ ಅಂಬುಜಮ್ಮನವರಿಗೆ ನಮಸ್ಕಾರಗಳು.

ನನ್ನ ಹಿಂದಿನ ಪತ್ರಕ್ಕೆ ತಮ್ಮಿಂದ ಉತ್ತರವಿಲ್ಲ. ಅನಂತರಾಮಯ್ಯನವರೂ ಅಪ್ಪನಿಗೆ ಬರೆದಿಲ್ಲ. ಮನೆಯಲ್ಲಿ ಈ ಮೌನಕ್ಕೆ ನಾನೇ ಕಾರಣವೆಂದು ತೀರ್ಮಾನವಾಗಿದೆ. ನಿನ್ನೆ ಅಮ್ಮ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತ, ನನಗೆ ಕೇಳಿಸುವ ಹಾಗೆಯೇ ಅಪ್ಪನಿಗೆ ಹೇಳಿದರು:

"ಅತ್ತೆ ಆಗೋಳಿಗೆ ವಾದ ಹೂಡಿ ಕಾಗದ ಬರೀತಾಳೆ ಅಂದ್ರೆ! ನೀವಾದ್ರೂ ಪೋಸ್ಟ್ ಮಾಡೋ ಮುಂಚೆ ನೋಡಬಾರದಿತ್ತೇ?"

"ನೋಡಿದೆ ಕಣೇ. ಚೆನ್ನಾಗಿ ಬರೆದಿದ್ದಳು."

"ಚೆನ್ನಾಗಿ ಬರೆದಿದ್ದಕ್ಕೇ ಈ ಗತಿ!"

ಏಪ್ರಿಲ್ ಮೊದಲ ವಾರ ನನ್ನ ಪರೀಕ್ಷೆಗಳು ಮುಗಿಯುತ್ತವೆ. ಅಲ್ಲಿಯವರೆಗೆ ನನ್ನ ಮನಸ್ಸು ಬೇರೆಲ್ಲಿಯೂ ಹರಿಯಬಾರದು. ಆದರೆ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಓದಿದ ಸಾಲನ್ನು ಮತ್ತೆ ಓದಬೇಕಾಗುತ್ತಿದೆ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ವಾರಿಜೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಸಂಬಂಧ ಕುದುರಲೆಂದು ನಾನು ಬದಲಿಸಲಾರೆ. ಆದರೆ ಆ ಪತ್ರದ ಕೊನೆಯ ವಾಕ್ಯ ಕಥೆಯನ್ನು ಕುರಿತದ್ದಾಗಿರಲಿಲ್ಲ, ತಮ್ಮನ್ನು ಕುರಿತದ್ದಾಗಿತ್ತು. ಅದನ್ನು ಬರೆಯುವ ಅಧಿಕಾರ ನನಗಿರಲಿಲ್ಲ. ಅದೊಂದನ್ನು ಹೊಡೆದುಹಾಕಿ ಉಳಿದದ್ದನ್ನು ಓದಬೇಕೆಂದು ಬೇಡುತ್ತೇನೆ.

ಸಂಬಂಧ ಬೇಡವೆಂದಾದರೆ ಅಪ್ಪನಿಗೆ ಒಂದು ಕಾರ್ಡು ಹಾಕಿದರೆ ಸಾಕು.

ಕೌಸಲ್ಯ


ಗುಬ್ಬಿ
28-3-1979

ಚಿ. ಕೌಸಲ್ಯಳಿಗೆ ಅಂಬುಜಮ್ಮನ ಆಶೀರ್ವಾದ.

ಹುಚ್ಚು ಹುಡುಗಿ, ಸಂಬಂಧ ಎಲ್ಲಿಯೂ ಹೋಗಿಲ್ಲ. ನಿನ್ನ ಈಚಿನ ಕಾಗದ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಸುಬ್ಬಕೃಷ್ಣನ ಜೇಬಿನಲ್ಲಿ ಗುಬ್ಬಿಗೆ ಬಂತು. ಗುಬ್ಬಿಯ ನಾದಿನಿಗೆ ಕಣ್ಣಿನ ಆಪರೇಷನ್ ಆಯಿತು. ಆರೈಕೆಗೆ ನಾನು ಬಂದು ತಿಂಗಳಾಯಿತು. ನಮ್ಮವರು ಯಾರಿಗೂ ಕಾಗದ ಬರೆಯುವವರಲ್ಲ, ಬರೆಯದೆ ಇರುವುದೇ ಅವರ ಒಪ್ಪಿಗೆ. ಪರೀಕ್ಷೆಗೆ ನೆಮ್ಮದಿಯಾಗಿ ಓದಿಕೋ.

ಆದರೆ ನಾನು ಉತ್ತರ ಬರೆಯದಿದ್ದುದಕ್ಕೆ ಆಪರೇಷನ್ ಒಂದೇ ಕಾರಣವಲ್ಲ. ನೀನು ಬರೆದ ಹುಳಿಯ ಕಂತನ್ನು ನಾನು ಮಗುಚಿರಲಿಲ್ಲ. ಆ ಸಾಲುಗಳನ್ನು ನಾನು ನೋಡಿಯೇ ಇರಲಿಲ್ಲ. ಗೂಡಿನಿಂದ ನನ್ನ ಪುಸ್ತಕ ತೆಗೆದು ಎರಡು ಸಲ ಹುಡುಕಿದೆ, ಇಲ್ಲ. ನೀನೇ ಕಟ್ಟಿ ಹೇಳುತ್ತಿದ್ದೀಯ ಎಂದುಕೊಂಡು ನಿನ್ನ ಮೇಲೆ ಸಿಟ್ಟೂ ಬಂತು.

ಇಲ್ಲಿ ನಾದಿನಿಯ ಬೀರುವಿನಲ್ಲಿಯೂ ವಾರಿಜೆಯಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವಳಿಗೆ ನಾನೇ ಓದಿ ಹೇಳಲು ಕೂತೆ. ಅದರಲ್ಲಿ ಆ ಕಂತು ಇತ್ತು, ಅಂಚು ಕತ್ತರಿಯಲ್ಲಿ ಕತ್ತರಿಸಿದ್ದು. "ಇದು ನನ್ನ ಪುಸ್ತಕದಲ್ಲಿ ಇಲ್ವಲ್ಲೇ" ಅಂದೆ.

"ಎಲ್ಲಿರುತ್ತೆ ಅತ್ತಿಗೆ? ಅದು ನಿಮ್ಮನೇದೇ. ನಮ್ಮಲ್ಲಿ ಆ ವಾರದ ಪತ್ರಿಕೆ ಕಳೆದುಹೋಗಿತ್ತು. ಅಮ್ಮ ಕತ್ತರಿಸಿ ಕೊಟ್ಟರು. 'ಅಂಬುಜ ಓದೋದು ಬೇಡ, ಮೊದಲೇ ಒಂದು ಸಲ ಟ್ರೈನಿಂಗು ಅಂತ ಕೇಳಿದ್ದಾಳೆ. ನೀನು ಓದಿಕೋ' ಅಂದ್ರು."

"ನೀನು ಓದಿದ್ರೆ ಪರವಾಗಿಲ್ವಂತೋ?"

"ನಾನು ಮಗಳಲ್ವೇ? ನಾನು ಹೊಸಿಲು ದಾಟಿದ್ರೆ ಬರೋದು ಅವರ ಮನೆಗೇ ಅಲ್ವೇ!"

ಇಬ್ಬರೂ ನಕ್ಕೆವು. ಡಾಕ್ಟರು ನಗಬೇಡ ಎಂದಿದ್ದರು ಅವಳಿಗೆ. ಅತ್ತೆಯವರು ಈಗಿಲ್ಲ, ಒಳ್ಳೆಯವರೇ ಆಗಿದ್ದರು. ಆಮೇಲೆ ಅವಳು ನಿದ್ದೆ ಹೋದಳು, ನಾನು ಆ ಕಂತನ್ನು ಒಬ್ಬಳೇ ಇನ್ನೊಮ್ಮೆ ಓದಿದೆ. ಲೋಯರ್ ಸೆಕೆಂಡರಿ ಮುಗಿಸಿದವಳು ನಾನು, ಸುಬ್ಬಕೃಷ್ಣ ಹುಟ್ಟುವ ಮೊದಲು ನಾನೂ ಅದನ್ನೇ ಕೇಳಿದ್ದೆ, ಅದೇ ಊಟದ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಕೇಳಿದ್ದು ಹುಳಿಯಲ್ಲ, ಮಜ್ಜಿಗೆ.

ಆದ್ದರಿಂದ ನಿನ್ನ ಆ ಕೊನೆಯ ವಾಕ್ಯವನ್ನು ನಾನು ಹೊಡೆದುಹಾಕಿಲ್ಲ. ಅದು ಸುಳ್ಳೆಂದು ಹೇಳಲಿಕ್ಕಾದರೂ ಇರಲಿ.

ಇನ್ನೊಂದು ಮಾತು. ವಾರಿಜೆ ಏಕೆ ಮರಳಿದಳೆಂಬುದಕ್ಕೂ ಇಡೀ ಒಂದು ಕಂತಿದೆ. ನನ್ನಲ್ಲಿದೆ, ಇಲ್ಲಿಯೂ ಇದೆ. ಬೆಳ್ಳಿಯ ಲೋಟದವರು ಯಾವ ಸೂರ್ಯಾಸ್ತದ ಜೊತೆಗೆ ಅದನ್ನು ಮಗುಚಿದರು? ನಿಮ್ಮ ಮನೆಯಲ್ಲಿ ಚೆನ್ನಾಗಿ ಹುಡುಕು. ನಾನಂತೂ ಹೇಳುವುದಿಲ್ಲ, ಕೊನೆಯನ್ನು ಮೊದಲೇ ತಿಳಿಯುವುದು ಕಳ್ಳತನವಂತೆ.

ನಗುತ್ತ,
ಅಂಬುಜಮ್ಮ


ತುಮಕೂರು
9-4-1979

ಪ್ರೀತಿಯ ಅಂಬುಜಮ್ಮನವರಿಗೆ ಕೌಸಲ್ಯಳ ನಮಸ್ಕಾರಗಳು.

ತಮ್ಮ ಪತ್ರ ಬಂದ ದಿನ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಅಪ್ಪ, "ನಾನು ಹೇಳಲಿಲ್ವೇ, ಚೆನ್ನಾಗಿ ಬರೆದಿದ್ದಳು ಅಂತ" ಎಂದು ಹಜಾರದಲ್ಲಿ ಓಡಾಡಿದರು. ನಾನು ಬಾವಿಕಟ್ಟೆಯ ಮೇಲೆ ಹೋಗಿ ಕೂತೆ. ಎದೆಯ ಮೇಲೆ ಬೀಸುವ ಕಲ್ಲು ಇಟ್ಟುಕೊಂಡು ಇಷ್ಟು ದಿನ ಓದಿದ್ದೆನೆಂದು, ಅದನ್ನು ಇಳಿಸಿದ ಮೇಲೆಯೇ ತಿಳಿಯಿತು. ಪರೀಕ್ಷೆಗಳು ಮುಗಿದವು, ಚೆನ್ನಾಗಿ ಬರೆದಿದ್ದೇನೆ. ಇದನ್ನು ವಿನಯದಿಂದ ಹೇಳಲು ಪ್ರಯತ್ನಿಸಿದೆ, ಸಾಧ್ಯವಾಗಲಿಲ್ಲ.

ಕೊನೆಯ ಪರೀಕ್ಷೆಯ ಮರುದಿನವೇ ಅಟ್ಟ ಹತ್ತಿದೆ. ಟ್ರಂಕಿನಲ್ಲಿ ಇಲ್ಲ, ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಇಲ್ಲ. ಬೈಂಡಿನವನನ್ನು ಬೈದೆ, ನೆರೆಮನೆಯವರನ್ನು ಮನಸ್ಸಿನಲ್ಲಿಯೇ ಬೈದೆ. ಕಡೆಗೆ ನನ್ನ ಎಂಟನೆಯ ತರಗತಿಯ ರೇಖಾಗಣಿತದ ಪುಸ್ತಕ ಕೈಗೆ ಸಿಕ್ಕಿತು. ಅಂಬುಜಮ್ಮನವರೇ, ಇಡೀ ಶಾಲೆಯಲ್ಲಿ ನನ್ನ ಪುಸ್ತಕಗಳ ಹೊದಿಕೆಯಷ್ಟು ಅಚ್ಚುಕಟ್ಟಾದ ಹೊದಿಕೆ ಇನ್ನೊಬ್ಬರದಿರಲಿಲ್ಲ. ಮೇಡಂ ಅದನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸುತ್ತಿದ್ದರು. ಹೊರಗಡೆ ಕಂದು ಕಾಗದ. ಅದು ಹರಿಯದಿರಲೆಂದು ಒಳಗೆ ಗಟ್ಟಿಗಾಗಿ ಟ್ರಂಕಿನಿಂದ ಎರಡು ಹಾಳೆ ತೆಗೆದು ಮಡಿಸಿದವಳು ನಾನೇ. ಹಾಳೆಗಳಿಗೆ ರಟ್ಟು ಹಾಕಿಸಿದ್ದು ಅದಾದ ಮೇಲೆ. ವಾರಿಜೆ ಮರಳಿದ ಕಾರಣವನ್ನು ವರ್ಷವಿಡೀ ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ.

ಅಟ್ಟದ ಮೇಲೆಯೇ ಕೂತು ಓದಿದೆ. ಶಾಲೆಯ ಜಗಲಿಯ ಮೇಲೆ ಗಂಡ ಸಂಜೆಯ ಗಂಟೆ ಹೊಡೆಯುವವರೆಗೆ ಕಾದು ಕೂರುತ್ತಾನೆ. ಅವಳು ಹೊರಗೆ ಬಂದಾಗ, "ಅವತ್ತು ನೀನು ಕೇಳಿದ್ದಕ್ಕೆ ನಾನು ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ, ಆಗಬಹುದು" ಎನ್ನುತ್ತಾನೆ. "ನೌಕರಿಯನ್ನು ಬಿಡುವುದಿಲ್ಲ" ಎಂದು ಅವಳು. "ಬಿಡಬೇಡ" ಎಂದು ಅವನು. ಅವಳು ಕೂಡಲೇ ಹೊರಡುವುದಿಲ್ಲ. ಮಕ್ಕಳ ಸ್ಲೇಟುಗಳನ್ನು ಎಣಿಸಿ ಒಳಗಿಟ್ಟು, ಬೀಗ ಹಾಕಿ ಬರುತ್ತಾಳೆ.

ಅಳು ಬರಲಿಲ್ಲ. ನಗುವೇ ಬಂತು, ಕೆಳಗಿನಿಂದ ಅಮ್ಮ "ಏನೇ ಅದು, ಅಟ್ಟದಲ್ಲಿ ಒಬ್ಬಳೇ?" ಎಂದು ಕೂಗುವಷ್ಟು. ಲೇಖಕಿ ಅಂಜುಬುರುಕಿಯಲ್ಲ. ಬೆಳ್ಳಿಯ ಲೋಟದ ವಿಷಯ ಅಪ್ಪನಿಗೆ ಹೇಳಿದೆ. "ಹಾಲಿಗೇನೂ ತಿಳಿಯೋದಿಲ್ಲ ಬಿಡು" ಎಂದರು.

ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಆ ಉತ್ತರ ಕೊಡಲು ಅವನಿಗೆ ಅಷ್ಟು ಕಂತುಗಳು ಬೇಕಾಗಬಾರದಿತ್ತು.

ನನ್ನ ಪ್ರಶ್ನೆಯನ್ನು ನಾನು ಮತ್ತೆ ಕೇಳುವುದಿಲ್ಲ. ತಾವು ಮರೆತಿಲ್ಲವೆಂದು ಬಲ್ಲೆ.

ತಮ್ಮ,
ಕೌಸಲ್ಯ


ಕುಣಿಗಲ್
23-4-1979

ಚಿ. ಕೌಸಲ್ಯಳಿಗೆ ಆಶೀರ್ವಾದ.

ನಿನ್ನೆ ಭಾನುವಾರ ತಂದೆ ಮಗ ಇಬ್ಬರೂ ಊಟಕ್ಕೆ ಕೂತಿದ್ದರು. ಸಾರು ಆಯಿತು, ಹುಳಿ ಆಯಿತು. ಕೊನೆಯ ಅನ್ನ ಬಡಿಸಿದೆ. ನಮ್ಮವರು ಅನ್ನದ ನಡುವೆ ಗುಳಿ ಮಾಡಿಕೊಂಡು ಕಾದರು. ನಾನು ಮಜ್ಜಿಗೆಯ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಎಲ್ಲೇ ಮಜ್ಜಿಗೆ?"

"ಇದೆ. ಕೌಸಲ್ಯ ಎಂ.ಎ. ಓದ್ತಾಳಂತೆ. ಏನು ಹೇಳ್ತೀರಿ?"

"ಊಟದ ಹೊತ್ತಲ್ಲಿ ಅದೆಲ್ಲ ಯಾಕೆ? ಮಜ್ಜಿಗೆ ಹಾಕು."

"ಒಂದು ಸಲ ಹಾಗೇ ಹಾಕಿದ್ದೆ. ಈ ಸಲ ಉತ್ತರ ಬಂದ ಮೇಲೆ."

ಅವರು ತಲೆಯೆತ್ತಿ ನೋಡಿದರು. ಮರೆತಿದ್ದಾರೆಂದು ಇಷ್ಟು ವರ್ಷ ತಿಳಿದಿದ್ದೆ. ಮರೆತಿರಲಿಲ್ಲ, ಕೌಸಲ್ಯ. ಮುಖ ನೋಡಿದರೆ ಗೊತ್ತಾಯಿತು.

ಸುಬ್ಬಕೃಷ್ಣ ಎಲೆಯ ಮೇಲಿಂದ ಕಣ್ಣು ತೆಗೆದ. "ಅಪ್ಪಾ, ಎರಡು ವರ್ಷ ತಾನೆ? ಡ್ಯಾಮು ಎರಡು ಸಲ ತುಂಬಿ ಇಳಿಯೋದ್ರಲ್ಲಿ ಮುಗಿದುಹೋಗುತ್ತೆ. ಅವರು ಓದ್ಲಿ. ನಂಗೇನೂ ಅವಸರ ಇಲ್ಲ."

"ಅವಸರ ಇಲ್ವೇನೋ ನಿಂಗೆ?"

"ಇಲ್ಲ. ಈಗ ಅವಸರ ಇರೋದು ಮಜ್ಜಿಗೆಗೆ."

ನಮ್ಮವರು ಗುಳಿಯನ್ನು ಬೆರಳಿನಿಂದ ಇನ್ನಷ್ಟು ಅಗಲ ಮಾಡಿದರು. "ಓದ್ಲಿ ಬಿಡೇ. ಅನ್ನ ಒಣಗ್ತಿದೆ" ಎಂದರು.

"ವೆಂಕಟೇಶಯ್ಯನೋರಿಗೆ ನೀವೇ ಬರೀತೀರಾ?"

"ಬರೀತೀನಿ. ಕೈ ತೊಳೆಯೋಕೆ ಬಿಡ್ತೀಯೋ ಇಲ್ವೋ?"

ಇಬ್ಬರಿಗೂ ಒಂದೊಂದು ಸೌಟು ಹೆಚ್ಚಾಗಿಯೇ ಹಾಕಿದೆ. ಈ ಕಾಗದದ ಜೊತೆ ಅವರ ಕಾಗದವೂ ಇದೆ. ನಮ್ಮ ಮದುವೆಯಾದ ಮೇಲೆ ಅವರು ಬರೆದ ಮೊದಲ ಕಾಗದ ಇದು, ನಿಮ್ಮ ತಂದೆಯವರು ಜೋಪಾನವಾಗಿಟ್ಟುಕೊಳ್ಳಲಿ. ಮದುವೆ ನಿನ್ನ ಎಂ.ಎ. ಪರೀಕ್ಷೆಗಳು ಮುಗಿದ ಮೇಲೆ.

ಹಗುರಾಗಿರುವ,
ಅಂಬುಜಮ್ಮ


ಬೆಂಗಳೂರು
16-7-1979

ಪ್ರೀತಿಯ ಅತ್ತೆಯವರಿಗೆ,

ಇಂದಿನಿಂದ ಹೀಗೆ ಕರೆಯುತ್ತೇನೆ. ಮುಹೂರ್ತಕ್ಕೆ ಕಾಯುವ ತಾಳ್ಮೆ ನನಗಿಲ್ಲ.

ಹಾಸ್ಟೆಲಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಜಾಗ ನನಗೆ ದೊರೆತಿದೆ. ನಿಮ್ಮ ಪ್ರಶ್ನೆಗಳನ್ನು ಇಲ್ಲಿಯ ಗೆಳತಿಯರನ್ನೆಲ್ಲ ಕೇಳಿದೆ. ಕೋಣೆಗಳ ನಡುವೆ ಜಗಳ ಹತ್ತಿ ವಾರ್ಡನ್ ಬರಬೇಕಾಯಿತು. ನಿಮ್ಮ ಮಗ ಕಳೆದ ವಾರ ನನಗೊಂದು ಕಾರ್ಡು ಬರೆದಿದ್ದಾರೆ. "ಅಮ್ಮನ ಪುಸ್ತಕ ಓದಲು ಶುರು ಮಾಡಿದ್ದೇನೆ. ವಾರಿಜೆ ಎಲೆ ಹಾಕುವ ತನಕ ಬಂದೆ. ಮುಂದಿನ ಕಂತು ಇಲ್ಲ" ಎಂದಷ್ಟೇ ಇತ್ತು. ನಾನು ಅದನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡಿ.

ಗುಬ್ಬಿಯವರಿಂದ ಆ ಕಂತನ್ನು ನೀವು ಮರಳಿ ಕೇಳುವವರಲ್ಲ. ಅವರ ಪುಸ್ತಕ ತುಂಬಿಕೊಂಡಿರಲಿ. ನಿನ್ನೆ ನನ್ನ ವಾರಿಜೆಯ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದೆ. ರೇಖಾಗಣಿತದ ಹಾಳೆಗಳನ್ನು ಅವುಗಳ ಜಾಗದಲ್ಲಿಟ್ಟೆ, ಮಡಿಕೆಗಳು ಹಾಗೆಯೇ ಉಳಿದಿವೆ. ಅವಳು ಹೊಸಿಲು ದಾಟಿದ ವಾರದ ಹಾಳೆಗಳನ್ನು ತೆಗೆದು ಈ ಲಕೋಟೆಯಲ್ಲಿಟ್ಟಿದ್ದೇನೆ. ನಿಮ್ಮ ಪುಸ್ತಕದಲ್ಲಿ ಸೇರಿಸಿ ಹೊಲಿಯಿರಿ. ಗೋಣಿ ಸೂಜಿಯಾದರೂ ಆಗಬಹುದು. ಕಾರ್ಡು ಬರೆದವರಿಗೂ ಓದಲು ಕೊಡಿ.

ಈಗ ನನ್ನ ಪುಸ್ತಕದಲ್ಲಿ ಒಂದು ಕಂತು ಕಡಿಮೆ. ಇರಲಿ. ಮುಂದೆ ಎರಡೂ ಒಂದೇ ಗೂಡಿನಲ್ಲಿರುತ್ತವಲ್ಲ.

ನಿಮ್ಮ ಸೊಸೆ,
ಕೌಸಲ್ಯ